ರಾಜಕಾಲುವೆಯ ಮೇಲೆ ಕುಸಿದ ಸೇತುವೆ ಮರುನಿರ್ಮಿಸುವಂತೆ ಐದನೇ ಮನವಿ

ಮಾನ್ಯ ಕಾರ್ಯಪಾಲಕ ಎಂಜಿನಿಯರ್ ಅವರಿಗೆ,

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸಿಕೊಳ್ಳುವುದೇನೆಂದರೆ, ಹಿಂದೆ ರೈಲು ಹಳಿ, ಪಕ್ಕದಲ್ಲಿ ಕೆರೆ ಕೋಡಿ, ಮುಂದೆ ರಾಜಕಾಲುವೆ ಇರುವ ನಮ್ಮ ಬಡಾವಣೆಯ ಏಕೈಕ ಕಿರುಸೇತುವೆ ಕಳೆದ ಮುಂಗಾರಿನಲ್ಲಿ ಕುಸಿದಂದಿನಿಂದ ಎರಡು ಸೆಂಟ್ರಿಂಗ್ ಹಲಗೆಗಳೇ ನಮಗೆ ಗತಿಯಾಗಿವೆ. ಕಳೆದ ತಿಂಗಳು ಪಾರ್ಶ್ವವಾಯು ಬಡಿದ ಹಿರಿಯರೊಬ್ಬರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಂದೊಬ್ಬರು ಹಿಂದೊಬ್ಬರು ಹಿಡಿದು, ಆಚೆ ದಡದಲ್ಲಿ ನಿಂತಿದ್ದ ಆಂಬುಲೆನ್ಸ್‌ಗೆ ಈ ಹಲಗೆಗಳ ಮೇಲೆಯೇ ದಾಟಿಸಿದೆವು.

ಮೊದಲ ಮನವಿಗೆ ತಮ್ಮ ಸಿಬ್ಬಂದಿ ಬಂದು ಟೇಪು ಹಿಡಿದು ಅಳೆದು, ತಡೆಗೋಡೆಯ ಮೇಲೆ ಸುಣ್ಣದಲ್ಲಿ ಅಂಕಿ ಬರೆದು ಹೋದರು. ಆ ಅಂಕಿ ಮುಂದಿನ ಮಳೆಗೇ ತೊಳೆದುಹೋಯಿತು. ಎರಡನೆಯದಕ್ಕೆ 'ಅಂದಾಜುಪಟ್ಟಿ ಸಿದ್ಧವಾಗುತ್ತಿದೆ' ಎಂದರು. ಮೂರನೆಯದಕ್ಕೆ ಕೆರೆ ವಿಭಾಗಕ್ಕೆ ಹೋಗಿ ಎಂದರು, ಅಲ್ಲಿಂದ ಮತ್ತೆ ತಮ್ಮಲ್ಲಿಗೇ ಅಟ್ಟಿದರು. ನಾಲ್ಕನೆಯದಾಗಿ ಆನ್‌ಲೈನ್‌ನಲ್ಲಿ ದಾಖಲಿಸಿದ ದೂರಿಗೆ 'ಪರಿಹರಿಸಲಾಗಿದೆ' ಎಂಬ ಸಂದೇಶ ಬಂತು; ಯಾವುದನ್ನು, ಎಲ್ಲಿ ಪರಿಹರಿಸಲಾಯಿತು ಎಂಬುದನ್ನು ದಯವಿಟ್ಟು ತಿಳಿಸಬೇಕು.

ನಮ್ಮಲ್ಲಿ ಕೆಲವರು ಶಿವಮೊಗ್ಗ ಜಿಲ್ಲೆಯ ತುಮರಿ ಸೀಮೆಯಿಂದ ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಹಿನ್ನೀರು ಆವರಿಸಿದ ಮೇಲೆ ದ್ವೀಪದಂತಾಗಿದ್ದ ಅವರ ಊರುಗಳಿಗೆ, ದಶಕಗಳ ಹೋರಾಟದ ನಂತರ, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಸೇತುವೆ ದೊರೆಯಿತು. ಅಲ್ಲಿ ಅಷ್ಟು ಕಾಲ ಹಿನ್ನೀರು ದಾಟಿಸುತ್ತಿದ್ದ ಲಾಂಚ್‌ಗಾದರೂ ವೇಳಾಪಟ್ಟಿ ಇತ್ತು. ನಮ್ಮ ಹಲಗೆಗೆ ಅದೂ ಇಲ್ಲ. ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 2,300 ಕಿ.ಮೀ. ಇಂಟರ್ನೆಟ್ ಕೇಬಲ್ ಎಳೆದು 2020ರಲ್ಲಿ ಅಂಡಮಾನ್ ದ್ವೀಪಗಳನ್ನು ಚೆನ್ನೈಗೆ ಜೋಡಿಸಲಾಯಿತು, 2024ರಲ್ಲಿ ಲಕ್ಷದ್ವೀಪಕ್ಕೂ ಕೊಚ್ಚಿಯಿಂದ ಅಂಥದೇ ಕೇಬಲ್ ತಲುಪಿತು. ಐಟಿ ರಾಜಧಾನಿಯೆಂದು ಹೊಗಳಿಸಿಕೊಳ್ಳುವ ಈ ಊರಿನಲ್ಲಿ ಇಪ್ಪತ್ತು ಅಡಿ ಕಾಲುವೆ ದಾಟಲಾಗದೆ ಬ್ರಾಡ್‌ಬ್ಯಾಂಡ್‌ನವರು ಕೇಬಲ್ ಸುರುಳಿ ಹೊತ್ತು ವಾಪಸ್ ಹೋಗಿದ್ದಾರೆ.

ಕಸದ ಆಟೋ ಬರುವುದಿಲ್ಲ, ನೀರಿನ ಟ್ಯಾಂಕರ್ ಬರುವುದಿಲ್ಲ, ಕೆಟ್ಟ ಬೀದಿದೀಪ ನೋಡುವವರಿಲ್ಲ, ಗ್ಯಾಸ್ ಸಿಲಿಂಡರನ್ನು ನಾವೇ ಹೊತ್ತು ತರಬೇಕು. ಆಸ್ತಿ ತೆರಿಗೆಯ ನೋಟಿಸಿಗೆ ಮಾತ್ರ ಈ ಕಾಲುವೆ ಎಂದೂ ಅಡ್ಡ ಬಂದಿಲ್ಲ.

ಆದ್ದರಿಂದ ಮಳೆಗಾಲಕ್ಕೆ ಮುನ್ನ ಸೇತುವೆ ಕಾಮಗಾರಿ ಆರಂಭಿಸಿ, ಅಲ್ಲಿಯವರೆಗೆ ಹಿಡಿದುಕೊಳ್ಳಲು ಕಂಬಿಯಿರುವ ತಾತ್ಕಾಲಿಕ ಕಬ್ಬಿಣದ ಕಾಲುಸೇತುವೆಯನ್ನಾದರೂ ಹಾಕಿಸಬೇಕಾಗಿ ಕೋರುತ್ತೇವೆ. ಸ್ಥಳ ಪರಿಶೀಲನೆಗೆ ತಾವೇ ಬರಬೇಕು, ಕಾರನ್ನು ಆಚೆ ದಡದಲ್ಲೇ ನಿಲ್ಲಿಸಿ ಹಲಗೆಯ ಮೇಲೆ ನಡೆದು ಬರಬೇಕು.

ಇಂತಿ,
ಬಡಾವಣೆಯ ನಿವಾಸಿಗಳು