ವಿಪಿಎನ್ ಕೈಕೊಟ್ಟರೆ ಸ್ನೋಫ್ಲೇಕ್

ಮಾನ್ಯ ಸಂಪಾದಕರೇ,

ಜಾಲತಾಣ ನಿರ್ಬಂಧ ಎಂದಾಕ್ಷಣ ಎಲ್ಲರೂ ವಿಪಿಎನ್ (ಬೇರೆಡೆಯ ಸರ್ವರ್ ಮೂಲಕ ಜಾಲ ತಲುಪಿಸುವ ಸೇವೆ) ಎನ್ನುತ್ತಾರೆ. ಆದರೆ ಅದರ ಸರ್ವರ್‌ಗಳ ಐಪಿ ವಿಳಾಸ ಗೊತ್ತಾದರೆ ತಡೆಯುವುದು ಸುಲಭ. ಗುರುತು ಮರೆಮಾಡಿ ತಾಣಗಳನ್ನು ನೋಡಲು ನೆರವಾಗುವ ಟಾರ್ ಜಾಲದ ‘ಸ್ನೋಫ್ಲೇಕ್’ ಎಂಬ ಸಾಧನ ಸ್ವಯಂಸೇವಕರ ಬ್ರೌಸರ್‌ಗಳನ್ನೇ ಸೇತುವೆ ಮಾಡಿಕೊಳ್ಳುತ್ತದೆ; ವಿಳಾಸಗಳು ಬದಲಾಗುತ್ತಲೇ ಇರುವುದರಿಂದ ಪಟ್ಟಿ ಮಾಡಿ ತಡೆಯುವುದು ಕಷ್ಟ. ಟಾರ್ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕನೆಕ್ಷನ್’ ತೆರೆದು, ಬ್ರಿಡ್ಜ್‌ಗಳಲ್ಲಿ ಸ್ನೋಫ್ಲೇಕ್ ಆರಿಸಿದರೆ ಸಾಕು. ಸೇತುವೆಯಾದ ಸ್ವಯಂಸೇವಕರು ಬ್ರೌಸರ್ ಮುಚ್ಚಿದರೆ ಇನ್ನೊಬ್ಬರು ಸಿಗುವವರೆಗೆ ಕಾಯಬೇಕು.

ಇದೂ ಅಭೇದ್ಯವೇನಲ್ಲ. 2021ರ ಡಿಸೆಂಬರ್‌ನಲ್ಲಿ ರಷ್ಯಾ ವಿಳಾಸ ಹುಡುಕುವ ಗೋಜಿಗೇ ಹೋಗದೆ, ಸ್ನೋಫ್ಲೇಕ್‌ನ ಡಿಟಿಎಲ್‌ಎಸ್ ಹ್ಯಾಂಡ್‌ಶೇಕ್‌ನಲ್ಲಿದ್ದ (ಗೂಢಲಿಪಿ ಸಂಪರ್ಕ ಶುರುವಾಗುವಾಗಿನ ಸಂದೇಶ ವಿನಿಮಯದಲ್ಲಿದ್ದ) ಸಣ್ಣ ವ್ಯತ್ಯಾಸ ಹಿಡಿದು ತಡೆದಿತ್ತು.

ನೆರವಾಗಬಯಸುವವರು ಬ್ರೌಸರ್‌ಗೆ ಸ್ನೋಫ್ಲೇಕ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬಹುದು. ಬಳಕೆದಾರರು ನೋಡುವ ತಾಣಕ್ಕೆ ಕಾಣುವುದು ಟಾರ್‌ನ ಎಕ್ಸಿಟ್ ರಿಲೇಯ (ದಾರಿಯ ಕೊನೆಯ ಸರ್ವರ್‌ನ) ವಿಳಾಸವೇ ಹೊರತು ನಿಮ್ಮದಲ್ಲ. ಆ ಭಯ ಬೇಡ. ಆದರೆ ರೌಟರ್‌ನ ನ್ಯಾಟ್ (ಮನೆಯ ಸಾಧನಗಳ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಬಿಗಿಯಾಗಿದ್ದರೆ ಕೆಲವರಿಗಷ್ಟೇ ನೆರವಾಗಲು ಸಾಧ್ಯ.