ಬುಧವಾರದ ಜಪಸರಕ್ಕೆ ಬಂದವರಿಗೆಲ್ಲ

ಈಸ್ಟರಿಗೆ ಮುಂಚಿನ ಉಪವಾಸಕಾಲ ಶುರುವಾಗುವ ಈ ಬೂದಿ ಬುಧವಾರಕ್ಕೆ, ಪ್ರತಿ ಬುಧವಾರ ನಮ್ಮ ಮನೆಯಲ್ಲಿ ಮಣಿ ಎಣಿಸುತ್ತಾ ಹೇಳುವ ಜಪಸರ ಪ್ರಾರ್ಥನೆಗೆ ನಾಲ್ಕು ವರ್ಷ ತುಂಬಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ, ರಸ್ತೆಯಲ್ಲಿ ನೀರು ನಿಂತು ಕೆಲವು ವಾರ ತಪ್ಪಿದ್ದೂ ಇದೆ. ಒಮ್ಮೆ ನಾನೇ ಮರೆತು ಗಾಂಧಿ ಬಜಾರಿಗೆ ಹೋಗಿಬಿಟ್ಟಿದ್ದೆ. ಬಂದವರು ಜಗಲಿಯಲ್ಲೇ ಕೂತು ಜಪಸರ ಮುಗಿಸಿ ಹೋಗಿದ್ದರು! ನಿಮಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು.

ಶುರುವಾದದ್ದು 2022ರ ಮಾರ್ಚ್ 2ರಂದು. ಮಗ ಉಕ್ರೇನಿನ ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದ. ಯುದ್ಧ ಶುರುವಾದಾಗಿನಿಂದ ನೆಲಮಾಳಿಗೆಯಲ್ಲಿದ್ದ. ಅವನನ್ನು ಅಲ್ಲಿಗೆ ಕಳಿಸಿದ್ದ ಏಜೆಂಟ್ ಫೋನ್ ಎತ್ತುತ್ತಿರಲಿಲ್ಲ. ಹಿಂದಿನ ದಿನವಷ್ಟೇ, ಅದೇ ಊರಲ್ಲಿ ದಿನಸಿಗೆಂದು ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಗೆ ತೀರಿಹೋಗಿದ್ದ.

ಅವತ್ತು ಬೂದಿ ಬುಧವಾರ. ಉಕ್ರೇನಿನ ಶಾಂತಿಗಾಗಿ ಉಪವಾಸವಿದ್ದು ಪ್ರಾರ್ಥಿಸಿ ಎಂದು ಪೋಪ್ ಫ್ರಾನ್ಸಿಸ್ ಕೇಳಿಕೊಂಡಿದ್ದರು. ನನಗೆ ವಾರದಿಂದಲೇ ಅನ್ನ ಇಳಿಯುತ್ತಿರಲಿಲ್ಲ ಬಿಡಿ. ಹಣೆಗೆ ಬೂದಿ ಹಚ್ಚಿಸಿಕೊಂಡು ಚರ್ಚಿನಿಂದ ಹೊರಗೆ ಬಂದಾಗ ಫೋನ್ ಬಂತು. "ಅಮ್ಮಾ, ಕೂಡಲೇ ಊರು ಬಿಡಿ ಅಂತ ರಾಯಭಾರ ಕಚೇರಿಯವರು ಹೇಳಿದಾರೆ. ಬಸ್ಸಿಲ್ಲ. ನಡೀತಾ ಇದೀವಿ." ಪಿಸೋಚಿನ್ ಎಂಬ ಊರಿಗೆ 11 ಕಿಲೋಮೀಟರ್.

ನನ್ನನ್ನು ಮನೆಗೆ ತಂದು ಬಿಟ್ಟ ಆಟೋದವರು ದುಡ್ಡು ತೆಗೆದುಕೊಳ್ಳಲಿಲ್ಲ. ಎದುರು ಮನೆಯ ಭಟ್ಟರ ಹೆಂಡತಿ ಗಂಜಿ, ಅಪ್ಪೆಮಿಡಿ ತಂದರು. ಊಟ ಆಯ್ತಾ ಅಂತ ಕೇಳಲಿಲ್ಲ, ಉಣ್ಣು ಅಂತ ಗದರಿಸಿದರು. ಕಾನ್ವೆಂಟಿನ ಸಿಸ್ಟರ್ ಜಪಸರ ಶುರುಮಾಡಿದರು. ಬೀದಿ ಕೊನೆಯ ಮನೆಯ ಆಪಾ ಪಕ್ಕದಲ್ಲೇ ಕೂತು ತಮ್ಮ ತಸ್ಬೀ ಮಣಿ ಎಣಿಸುತ್ತಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ "ತಲುಪಿದೆ" ಅಂತ ಮೆಸೇಜ್ ಬಂತು. ಅಲ್ಲಿಯವರೆಗೆ ಯಾರೂ ಎದ್ದಿರಲಿಲ್ಲ.

ಲ್ವಿವ್, ಅಲ್ಲಿಂದ ಪೋಲೆಂಡ್, ಆಮೇಲೆ ದಿಲ್ಲಿ. ಮಗ ಮನೆಗೆ ಬಂದ ಮೇಲೆ ಜಪಸರ ನಿಲ್ಲಿಸೋಣ ಅಂತಲೇ ಇದ್ದೆ. ಸತ್ಯ ಹೇಳುತ್ತಿದ್ದೇನೆ. ನೆಲಮಾಳಿಗೆಯಲ್ಲಿ ಅದೇ ಕಟ್ಟಡದ ಅಜ್ಜಿಯೊಬ್ಬಳು ದಿನಾ ಇವನಿಗೂ ಗೆಳೆಯರಿಗೂ ಬ್ರೆಡ್ ಹಂಚುತ್ತಿದ್ದಳಂತೆ. "ನಮಗೆ ವಿಮಾನ ಬಂತಮ್ಮ. ಅಜ್ಜಿ ಅಲ್ಲೇ ಉಳಿದಳು" ಅಂದ. ಮುಂದಿನ ಬುಧವಾರ ಮತ್ತೆ ಚಾಪೆ ಹಾಸಿದೆ.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಹೊತ್ತಿಕೊಂಡಿತು. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ನಮ್ಮ ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಸರ್ಕಾರ ಆಪರೇಷನ್ ಕಾವೇರಿ ನಡೆಸಿ ಕರೆತಂದಿತು, ನಮ್ಮವರು ಬಂದರು. ಅಲ್ಲಿ ಅವರ ಅಕ್ಕಪಕ್ಕದ ಮನೆಗಳಲ್ಲಿದ್ದ ಸುಡಾನಿನವರು ಎಲ್ಲಿಗೆ ಹೋಗಬೇಕು? ಅವರನ್ನೂ ಜಪಸರಕ್ಕೆ ಸೇರಿಸಿಕೊಂಡೆವು.

ಆಮೇಲೆ ಗಾಜಾ. ಅಲ್ಲಿನ ಪವಿತ್ರ ಕುಟುಂಬ ಚರ್ಚಿನಲ್ಲಿ ನೂರಾರು ಜನ ಆಶ್ರಯ ಪಡೆದಿದ್ದರು. ಫ್ರಾನ್ಸಿಸ್ ಅವರು ಹೆಚ್ಚುಕಡಿಮೆ ದಿನಾ ಸಂಜೆ ಫೋನ್ ಮಾಡುತ್ತಿದ್ದರು. 2025ರ ಜನವರಿಯಲ್ಲಿ ಒಮ್ಮೆ, ಆ ಚರ್ಚಿನವರು ಬೇಳೆ, ಕೋಳಿ ಊಟ ಮಾಡಿದರಂತೆ ಅಂತ ಎಲ್ಲರಿಗೂ ಹೇಳಿದ್ದರು. ನಮ್ಮ ಹೆಂಗಸರಿಗೆ ಫ್ರಾನ್ಸಿಸ್ ತುಂಬ ಹತ್ತಿರದವರು ಅನ್ನಿಸಿದ್ದೇ ಆಗ. ಊಟದ ಸುದ್ದಿ ಕೇಳುವ ಪೋಪ್, ಅಲ್ವಾ? ಆ ಏಪ್ರಿಲ್‌ನಲ್ಲಿ ಅವರೂ ಹೋದರು.

2025ರ ಜುಲೈ 17ರಂದು ಅದೇ ಚರ್ಚಿಗೆ ಶೆಲ್ ಬಡಿದು ಮೂವರು ಸತ್ತರು. ಹಿಂದಿನ ಸಂಜೆಯಷ್ಟೇ ಜಪಸರ ಹೇಳಿದ್ದೆವು. ಅದೆಲ್ಲ ಎಲ್ಲಿಗೆ ಹೋಯಿತು ಅಂತ ಫಾದರ್‌ಗೆ ಜಗಳದ ದನಿಯಲ್ಲೇ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತರು. ಫಾದರ್, ನೀವು ಅವತ್ತು ಉಪದೇಶ ಮಾಡಲಿಲ್ಲವಲ್ಲ, ಅದಕ್ಕೇ ನಿಮಗೆ ಜಾಸ್ತಿ ಥ್ಯಾಂಕ್ಸ್.

ಶುಭ ಶುಕ್ರವಾರದ ಕಾಣಿಕೆ ಯೇಸು ಬಾಳಿದ ಪವಿತ್ರ ನಾಡಿಗೆ ಹೋಗುತ್ತದೆ ಎಂದು ತಿಳಿದು ಕವರ್ ತಂದುಕೊಟ್ಟ ಭಟ್ಟರ ಮನೆಯವರಿಗೂ ಆಪಾಗೂ ಕೈಮುಗಿಯುತ್ತೇನೆ. "ನಮ್ಮೂರಲ್ಲಿ ಕಷ್ಟ ಇಲ್ವಾ?" ಅಂತ ಕೇಳಿದವರೊಬ್ಬರಿದ್ದಾರೆ. ಇದೆ. ಅವರು ಜಪಸರಕ್ಕೆ ಒಂದು ದಿನವೂ ಬರಲಿಲ್ಲ, ಆದರೆ ಕಾಫಿಪುಡಿ ತಪ್ಪದೆ ಕಳಿಸುತ್ತಾರೆ. ಅವರಿಗೂ ಥ್ಯಾಂಕ್ಸ್.

ಅಜ್ಜಿಯ ಹೆಸರು ಮಗನಿಗೆ ಗೊತ್ತಿಲ್ಲ. ಜಪಸರದಲ್ಲಿ "ಖಾರ್ಕಿವ್ ಅಜ್ಜಿ" ಅಂತಲೇ ಹೇಳುತ್ತೇವೆ. ಆಪಾ ಚಪ್ಪಲಿ ಹಾಕಿಕೊಳ್ಳುತ್ತಾ ಪ್ರತಿ ವಾರ ಕೇಳುತ್ತಾರೆ, "ಆ ಅಜ್ಜಿದು ಏನಾದ್ರೂ ಸುದ್ದಿ ಬಂತಾ?"

ಇನ್ನೂ ಇಲ್ಲ ಆಪಾ.