ಆಟಗಾರರ ತಲೆಗೆ ಊರಿನ ಬಣ್ಣದ ಉಲ್ಲನ್ ಟೋಪಿ

ಮಾನ್ಯ ಸಂಪಾದಕರೇ,

ಖೊಖೊ, ಕಬಡ್ಡಿ, ವಾಲಿಬಾಲ್ ತಂಡಗಳಿಗೆ ಆಯ್ಕೆಯಾದ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳು ಚಳಿಗಾಲದಲ್ಲಿ ಉತ್ತರ ಭಾರತದ ಊರುಗಳಿಗೆ ಹೊರಡುವ ಸುದ್ದಿಯೂ ಭಾವಚಿತ್ರವೂ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತವೆ. ಮೈಮೇಲೆ ತೆಳುವಾದ ಟ್ರ್ಯಾಕ್‌ಸೂಟ್, ಕೈಯಲ್ಲೊಂದು ಬ್ಯಾಗು, ತಲೆ ಮಾತ್ರ ಬರಿದು. ಗುಂತಕಲ್ಲಿನಲ್ಲೋ ರಾಯಚೂರಿನಲ್ಲೋ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ ಈ ಮಕ್ಕಳು ಇಳಿಯುವ ದೆಹಲಿಯಲ್ಲಿ ಜನವರಿಯ ಕನಿಷ್ಠ ತಾಪಮಾನದ ಸರಾಸರಿಯೇ 7ರಿಂದ 8 ಡಿಗ್ರಿ ಸೆಲ್ಸಿಯಸ್; ಕೆಲವು ಮುಂಜಾವುಗಳಲ್ಲಿ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಿಸಿಲಿನಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಅದು ಸಣ್ಣ ಚಳಿಯಲ್ಲ. ಈ ಮಕ್ಕಳ ತಲೆಗೆ ತಂಡದ ಬಣ್ಣದ ಉಲ್ಲನ್ ಟೋಪಿಗಳನ್ನು ನಮ್ಮ ಜಿಲ್ಲೆಗಳ ಮನೆಗಳಲ್ಲೇ ಹೆಣೆದು ಕೊಡಬಹುದು ಎಂಬುದನ್ನು, ವರ್ಷಗಟ್ಟಲೆ ಹುಡುಗಿಯರಿಗೆ ಹೊಲಿಗೆ, ಹೆಣಿಗೆ ಕಲಿಸಿದ ಅನುಭವದಿಂದ, ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ.

ತಂಡದ ಬಣ್ಣವನ್ನು ಮೈಮೇಲೆ ಧರಿಸುವ ಉತ್ಸಾಹ ನಮ್ಮಲ್ಲಿ ಕಡಿಮೆಯೇನಿಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೆಯ ಆವೃತ್ತಿಯಲ್ಲಿ ಮೊದಲ ಸಲ ಐಪಿಎಲ್ ಕಪ್ ಎತ್ತಿದಾಗ ಬೀದಿಬೀದಿಗಳಲ್ಲಿ ಕೆಂಪು ಅಂಗಿಗಳೇ ಕಂಡವು. (ಹೆಣ್ಣುಮಕ್ಕಳ ತಂಡ ಅದಕ್ಕೂ ಮೊದಲೇ, 2024ರಲ್ಲಿ, ಕಪ್ ತಂದಿತ್ತು, ಆಗ ಇಷ್ಟು ಅಂಗಿಗಳು ಮಾರಾಟವಾದದ್ದು ನನಗಂತೂ ಕಾಣಲಿಲ್ಲ.) ಆದರೆ ನಮ್ಮದೇ ಜಿಲ್ಲೆಯ ತಂಡದ ಬಣ್ಣ ಯಾವುದೆಂದು ಕೇಳಿದರೆ ಉತ್ತರಿಸುವವರಿಲ್ಲ. ಟ್ರ್ಯಾಕ್‌ಸೂಟ್ ಕೊಡಿಸುವ ದಾನಿಗಳು ಬದಲಾದಂತೆ ಬಣ್ಣವೂ ಬದಲಾಗುವುದನ್ನು ನೋಡುತ್ತ ಬಂದಿದ್ದೇನೆ. ರಾಷ್ಟ್ರಮಟ್ಟದ ಶಾಲಾ ಕ್ರೀಡೆಗಳಲ್ಲಿ ಮಕ್ಕಳು ಕರ್ನಾಟಕದ ಹೆಸರಿನಲ್ಲಿ ಆಡುವುದರಿಂದ ಅಲ್ಲಿಗೆ ಹಳದಿ, ಕೆಂಪು ಸಾಕು. ಜಿಲ್ಲಾ ತಂಡಕ್ಕೂ ವಿಶ್ವವಿದ್ಯಾಲಯದ ತಂಡಕ್ಕೂ ಮಾತ್ರ ವರ್ಷ ವರ್ಷ ಬದಲಾಗದ ಎರಡು ಬಣ್ಣಗಳು ಬೇಕು.

ಬಣ್ಣ ಆರಿಸುವಾಗ ಹೆಣಿಗೆಯವರನ್ನೂ ಒಂದು ಮಾತು ಕೇಳುವುದು ಒಳ್ಳೆಯದು. ಬಳ್ಳಾರಿಯೆಂದರೆ ಸಂಡೂರಿನ ಅದಿರಿನ ಕೆಂಪು ಮತ್ತು ಎರೆಭೂಮಿಯ ಕಪ್ಪು ಎಂದು ಯಾರಿಗಾದರೂ ಮೊದಲು ಹೊಳೆಯುತ್ತದೆ; ಆದರೆ ಆ ಎರಡನ್ನೂ ಸೇರಿಸಿ ಹೆಣೆದರೆ ನಾಲ್ಕು ಮಾರು ದೂರದಿಂದ ನೋಡುವವರಿಗೆ ಒಂದು ಮಬ್ಬು ಪಟ್ಟಿಯಷ್ಟೇ ಕಾಣುತ್ತದೆ. ಎರಡು ದಾರದ ಉಂಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದು ನೋಡಬೇಕು. ಎರಡೂ ಒಂದೇ ಬೂದು ಛಾಯೆಯಲ್ಲಿ ಕಂಡರೆ ಆ ಜೋಡಿ ಟೋಪಿಗೆ ಆಗಿಬರುವುದಿಲ್ಲ. ಅದಿರಿನ ಕೆಂಪಿಗೆ ಬಿಳಿಜೋಳದ ಬಿಳುಪು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಎರಡು ಬಣ್ಣದ ಹೆಣಿಗೆ ಕಷ್ಟವೆಂದು ಹಿಂಜರಿಯುವವರು ಬಹಳ. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳಲ್ಲೊಂದಾದ ಫೇರ್ ಐಲ್ ಎಂಬ ಪುಟ್ಟ ದ್ವೀಪದ ಹೆಸರಿನಲ್ಲೇ ಜಗತ್ತಿಗೆಲ್ಲ ಪರಿಚಿತವಾಗಿರುವ ಈ ವಿಧಾನದಲ್ಲಿ ಹೆಣಿಗೆಯ ಪ್ರತಿ ಸುತ್ತಿನಲ್ಲಿ ಎರಡೇ ಬಣ್ಣ. ಒಂದು ದಾರ ಮುಂದೆ ಕುಣಿಕೆಯಾಗುತ್ತಿರುವಾಗ ಇನ್ನೊಂದು ಹಿಂಬದಿಯಲ್ಲಿ ಅಡ್ಡಲಾಗಿ ಸಾಗುತ್ತದೆ. ಹಿಂದೆ ಹೀಗೆ ಸಾಗುವ ದಾರದಿಂದಾಗಿ ಬಟ್ಟೆ ಇಮ್ಮಡಿ ದಪ್ಪವಾಗುತ್ತದೆ, ಚಳಿಗೆ ಅದೇ ಅನುಕೂಲ. ತೊಂದರೆಯ ಮೂಲವೂ ಅದೇ ದಾರ. ಬಣ್ಣ ಬದಲಿಸುವಾಗ ಅದನ್ನು ಬಿಗಿಯಾಗಿ ಎಳೆದರೆ ಟೋಪಿ ಸುಕ್ಕುಗಟ್ಟಿ ಹಣೆಯಿಂದ ಕೆಳಗಿಳಿಯುವುದೇ ಇಲ್ಲ. ಆದ್ದರಿಂದ ಬಲಗೈ ಕಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಚೆನ್ನಾಗಿ ಹರಡಿದ ಮೇಲೆಯೇ ಹೊಸ ಬಣ್ಣದ ದಾರವನ್ನು ಎತ್ತಿಕೊಳ್ಳಬೇಕು. ಐದು ಕುಣಿಕೆಗಳಿಗಿಂತ ಉದ್ದವಾಗಿ ಸಾಗುವ ದಾರವನ್ನು ನಡುವೆ ಒಮ್ಮೆ ಸಿಕ್ಕಿಸದಿದ್ದರೆ ತೊಡುವಾಗ ಬೆರಳು ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಯಸ್ಕರ ತಲೆಯ ಸುತ್ತಳತೆ 56 ಸೆಂಟಿಮೀಟರ್ ಎಂದುಕೊಂಡರೆ, ಟೋಪಿ ತಲೆಗೆ ಹಿಡಿದು ಕೂರಬೇಕಾದ್ದರಿಂದ ಅದನ್ನು 49ರಿಂದ 50 ಸೆಂಟಿಮೀಟರಿಗೆ ಹೆಣೆಯಬೇಕು. 10 ಸೆಂಟಿಮೀಟರಿಗೆ 22 ಕುಣಿಕೆ ಬರುವ ಕೈಗೆ 108 ಕುಣಿಕೆಗಳು ಸರಿಹೋಗುತ್ತವೆ. ಈ ಸಂಖ್ಯೆ ನಾಲ್ಕರಿಂದಲೂ ಭಾಗವಾಗುವುದರಿಂದ ಎರಡು ಸೀದಾ ಕುಣಿಕೆ, ಎರಡು ಉಲ್ಟಾ ಕುಣಿಕೆಯ ಕೆಳಪಟ್ಟಿ ಅದರಲ್ಲಿ ಕೂರುತ್ತದೆ. ಹನ್ನೆರಡರಿಂದಲೂ ಭಾಗವಾಗುವುದರಿಂದ ಹನ್ನೆರಡು ಕುಣಿಕೆಯ ಚಿತ್ತಾರ ಒಂಬತ್ತು ಸಲ ಪೂರ್ತಿಯಾಗಿ ಬರುತ್ತದೆ. ಪಟ್ಟಿಗೆ 10ನೇ ನಂಬರಿನ ಕಡ್ಡಿ, ಮೇಲಿನ ಭಾಗಕ್ಕೆ 8ನೇ ನಂಬರು. ಕಾಲುಚೀಲ ಹೆಣೆಯುವ ನಾಲ್ಕು ಕಡ್ಡಿಗಳ ಸೆಟ್ಟಿನಲ್ಲಿ ಸುತ್ತಾಗಿ ಹೆಣೆದರೆ ಚಿತ್ತಾರ ಸದಾ ಎದುರಿಗೇ ಕಾಣುತ್ತಿರುತ್ತದೆ, ಉಲ್ಟಾ ಸಾಲಿನಲ್ಲಿ ಬಣ್ಣ ಎಣಿಸುವ ಪೇಚಾಟವೂ ಇರುವುದಿಲ್ಲ. ಎರಡೂ ಬಣ್ಣ ಸೇರಿ 100 ಗ್ರಾಂ ದಾರ ಸಾಕು.

ಟೋಪಿಯ ಮೇಲೆ ಏನು ಬರೆಯಬೇಕೆಂಬುದರಲ್ಲಿ ನನಗೊಂದು ಹಟವಿದೆ: ಅಕ್ಷರ ಕನ್ನಡದ್ದೇ ಆಗಿರಬೇಕು. ನೆಟ್ಟಗೆ ಗೆರೆಯಿರುವ ಇಂಗ್ಲಿಷ್ ಅಕ್ಷರಗಳು ಚೌಕುಳಿ ಹಾಳೆಯಲ್ಲಿ ಸಲೀಸಾಗಿ ಕೂರುತ್ತವೆ, ನಮ್ಮ ದುಂಡು ಅಕ್ಷರಗಳು ಅಷ್ಟು ಸುಲಭವಾಗಿ ಕೂರುವುದಿಲ್ಲ ಎಂಬುದು ನಿಜ. ಇದಕ್ಕೆ ಕಾರಣ, ಕುಣಿಕೆಯ ಅಗಲ ಅದರ ಎತ್ತರಕ್ಕಿಂತ ಹೆಚ್ಚಾಗಿರುವುದು. ಹಾಳೆಯ ಒಂದು ಮನೆಯೆಂದರೆ ಒಂದು ಕುಣಿಕೆಯಾದ್ದರಿಂದ, ಹತ್ತು ಮನೆ ಅಗಲಕ್ಕೆ ಹತ್ತೇ ಮನೆ ಎತ್ತರವಿಟ್ಟು ಬರೆದ ಅಕ್ಷರ ಹೆಣೆದ ಮೇಲೆ ಚಪ್ಪಟೆಯಾಗುತ್ತದೆ. ಎತ್ತರಕ್ಕೆ ಹನ್ನೆರಡು ಹದಿಮೂರು ಮನೆ ಕೊಟ್ಟರೆ ದುಂಡಗಾಗುತ್ತದೆ. ಬಳ್ಳಾರಿ, ಕೊಪ್ಪಳ ಎಂದು ಪೂರ್ತಿ ಬರೆಯಹೊರಟರೆ ಒತ್ತಕ್ಷರ ಕೆಳಗಿಳಿದು ಜಾಗ ನುಂಗುತ್ತದೆ. ಈ ವಿಷಯದಲ್ಲಿ ರಾಯಚೂರಿನವರೇ ಪುಣ್ಯವಂತರು. ನಾವು ‘ಬ’ ಅಕ್ಷರವೊಂದನ್ನೇ ಸುತ್ತಲೂ ಒಂಬತ್ತು ಸಲ ತಂದರೂ ಆಯಿತು.

ದಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಳ್ಳಾರಿಯ ಕಾಳಮ್ಮ ಬೀದಿ, ಬೆಂಗಳೂರು ರಸ್ತೆಗಳ ಅಂಗಡಿಗಳಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಹೆಚ್ಚಿನದು ಅಕ್ರಿಲಿಕ್ ಎಂಬ ಕೃತಕ ದಾರ. ಅದು ನಿಜವಾದ ಉಣ್ಣೆಯಷ್ಟು ಬೆಚ್ಚಗಿರದಿದ್ದರೂ ಹಾಸ್ಟೆಲಿನ ನಲ್ಲಿಯಡಿ ಒಗೆದರೂ ತಾಳಿಕೊಳ್ಳುತ್ತದೆ. ನಮ್ಮಲ್ಲಿ ಬಳ್ಳಾರಿ ಹೆಸರಿನದೇ ಕುರಿ ತಳಿಯಿದೆ, ಆದರೆ ಅದರ ಉಣ್ಣೆ ಒರಟು. ಕಂಬಳಿಗೆ ಅದಕ್ಕಿಂತ ಒಳ್ಳೆಯದಿಲ್ಲವಾದರೂ ಹಣೆಗೆ ಅದು ಚುಚ್ಚುತ್ತದೆ. ಒಳಗೆ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟು ಅದರಲ್ಲೂ ಟೋಪಿ ಮಾಡಬಹುದೇ ಎಂಬುದನ್ನು ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದವರು ಪರಿಶೀಲಿಸಿದರೆ ಒಳಿತು.

ಇದಕ್ಕಿಂತ ಮೊದಲು ಮಕ್ಕಳಿಗೆ ಒಳ್ಳೆಯ ಬೂಟು, ಮೊಟ್ಟೆ, ಹಾಲು ಕೊಡಿ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅವು ಸರ್ಕಾರದ ಹಣದಿಂದಲೇ ಆಗಬೇಕಾದ ಕೆಲಸಗಳು. ಟೋಪಿಯದು ಹಾಗಲ್ಲ; ಸಾವಿರಾರು ಜನ ಜೀನ್ಸ್ ಹೊಲಿದು ಬದುಕುವ ನಮ್ಮ ಊರಿನಲ್ಲಿ ಸೂಜಿದಾರದ ಕೈಗಳಿಗೆ ಬರವಿಲ್ಲ, ಮಹಿಳಾ ಸ್ವಸಹಾಯ ಸಂಘಗಳೂ ಇವೆ. ಅಚ್ಚು ಹಾಕಿಸಿದ ಕ್ಯಾಪುಗಳಿಗೆ ಕೊಡುವ ಹಣವನ್ನು ಈ ಸಂಘಗಳಿಗೆ ಕೊಟ್ಟರೆ ಕೆಲಸ ಇಲ್ಲೇ ಆಗುತ್ತದೆ. ತೋರಣಗಲ್ಲಿನ ವಿಜಯನಗರದಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ಬರುವ ಕುಸ್ತಿಪಟುಗಳು, ಬಾಕ್ಸರ್‌ಗಳು ಇದೇ ಜಿಲ್ಲೆಯ ನೆಲದಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಅವರೂ ಊರಿಗೆ ಹೋಗುವಾಗ ಇಂಥದೊಂದು ಟೋಪಿ ಕೊಂಡರೆ ಬೇಡವೆನ್ನುವವರಾರು?

ಆದ್ದರಿಂದ ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳು ಮತ್ತು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದವರು ತಮ್ಮ ತಮ್ಮ ತಂಡಗಳ ಎರಡೆರಡು ಬಣ್ಣಗಳನ್ನು ದಸರೆಯೊಳಗೆ ಪ್ರಕಟಿಸಬೇಕೆಂದು ಕೋರುತ್ತೇನೆ. ಮನೆಗೆಲಸದ ನಡುವೆ ಹೆಣೆಯುವ ಕೈಗೆ ಒಂದು ಟೋಪಿ ಮುಗಿಸಲು ವಾರವೇ ಹಿಡಿಯುತ್ತದೆ. ತಂಡದ ಪಟ್ಟಿ ಬಂದ ಮೇಲೆ ಬಣ್ಣ ಹೇಳಿದರೆ ಟೋಪಿಗಳು ಸಂಕ್ರಾಂತಿ ಕಳೆದ ಮೇಲೆ ಸಿದ್ಧವಾದಾವು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಶಿಕ್ಷಕಿ,
ಗಾಂಧಿನಗರ, ಬಳ್ಳಾರಿ